ಪೋಲಿ ಹಾಸ್ಯ ಮತ್ತು ನಮ್ಮ ಪ್ರೇಕ್ಷಕರು

ನಾಲ್ಕಾರು ಕಾಲೇಜು ಹುಡುಗರು, ಒಂದು ವಾಹನ, ದೂರದ ಒಂದು ಊರು, ದಾರಿಯುದ್ದಕ್ಕೂ ಪೋಲಿ ಮಾತು. ಇಷ್ಟು ಸಾಮಗ್ರಿಯಿಂದ ಎಷ್ಟು ಚಲನಚಿತ್ರಗಳು ತಯಾರಾಗಿವೆಯೋ ಲೆಕ್ಕವಿಲ್ಲ. ಅಮೆರಿಕದಲ್ಲಿ 1978ರಲ್ಲಿ ಬಂದ ‘ಅನಿಮಲ್ ಹೌಸ್’ ಕಾಲೇಜಿನ ಪುಂಡಾಟಿಕೆಯ ಚಿತ್ರಗಳಿಗೆ ಹಾದಿ ಹಾಕಿತು. 2000ದಲ್ಲಿ ಟಾಡ್ ಫಿಲಿಪ್ಸ್ ನಿರ್ದೇಶಿಸಿದ ‘ರೋಡ್ ಟ್ರಿಪ್’ ಆ ಪುಂಡಾಟಿಕೆಯನ್ನು ಗಾಡಿ ಹತ್ತಿಸಿ ಹೊರಡಿಸಿತು. ನಮ್ಮಲ್ಲಿಯೂ ಇದರ ದೂರದ ನೆಂಟರು ಇದ್ದಾರೆ. ಹಿಂದಿಯಲ್ಲಿ 2013ರ ‘ಗ್ರ್ಯಾಂಡ್ ಮಸ್ತಿ’, ಗುಜರಾತಿಯಲ್ಲಿ 2015ರ ‘ಛೇಲ್ಲೋ ದಿವಸ್’, ಕನ್ನಡದಲ್ಲಿ 2016ರ ‘ನೀರ್ ದೋಸೆ’. ಇವುಗಳಲ್ಲಿ ಒಂದರಲ್ಲಿ ಕಾಲೇಜು ಹೆಚ್ಚು, ಒಂದರಲ್ಲಿ ಪ್ರಯಾಣ ಹೆಚ್ಚು. ಆದರೆ ಒಗ್ಗರಣೆಯ ವಾಸನೆ ಮಾತ್ರ ಒಂದೇ.

ಈ ಚಿತ್ರಗಳ ಕಥೆ ಹೇಳುವುದು ನಮ್ಮ ಉದ್ದೇಶವಲ್ಲ. ಅವನ್ನು ನೋಡಿದ ಸೂರತ್ತಿನ ನಮ್ಮ ಕನ್ನಡ ಬಳಗದವರು ಆಡುವ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕೆಂದಿದ್ದೇವೆ. ಕಚೇರಿಯ ಕಡತಗಳ ನಡುವೆ ಬಾಳುವ ನಮಗೆ ಮೂಲ ಕಾಗದಕ್ಕಿಂತ ಅದರ ಅಂಚಿನಲ್ಲಿ ಬರೆದ ಷರಾಗಳೇ ಹೆಚ್ಚು ಕುತೂಹಲಕರ. ಯುಗಾದಿ, ರಾಜ್ಯೋತ್ಸವಗಳ ಊಟದ ಪಂಕ್ತಿಯಲ್ಲಿ ಕಿವಿಗೆ ಬಿದ್ದ ಇಂತಹ ಷರಾಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹಿರಿಯರದು: “ಮನೆಮಂದಿಯೆಲ್ಲ ಕುಳಿತು ನೋಡುವಂತಿಲ್ಲ.” ಮಾತು ನಿಜವೇ. ಆದರೆ ಇದು ಚಿತ್ರದ ಬಗೆಗಿನ ಅಭಿಪ್ರಾಯವೋ, ಪಕ್ಕದಲ್ಲಿ ಕುಳಿತವರ ಬಗೆಗಿನದೋ? ಸೊಸೆ ಪಕ್ಕದಲ್ಲಿದ್ದರೆ ಅಸಹ್ಯವಾಗುವ ಮಾತು ಗೆಳೆಯ ಪಕ್ಕದಲ್ಲಿದ್ದರೆ ನಗೆ ತರಿಸುತ್ತದೆ. ಜಾತ್ರೆಯ ಕಂಪನಿ ನಾಟಕದಲ್ಲಿ ಹಾಸ್ಯಪಾತ್ರದ ಎರಡರ್ಥದ ಮಾತಿಗೆ ನಮ್ಮ ಅಜ್ಜಂದಿರೂ ಚಪ್ಪಾಳೆ ತಟ್ಟಿದವರೇ. 1984ರಲ್ಲಿ ಕಾಶೀನಾಥರ ‘ಅನುಭವ’ ಬಂದಾಗ ಮೂಗು ಮುರಿದವರಷ್ಟೇ ಜನ ಟಿಕೇಟಿಗೆ ಸಾಲು ನಿಂತಿದ್ದರೆಂದು ನಮ್ಮ ಹಿರಿಯರೇ ಹೇಳುತ್ತಾರೆ. ಆ ಚಿತ್ರಕ್ಕೆ ಗಂಡು ಹೆಣ್ಣಿನ ವಿಷಯದಲ್ಲಿ ನಮ್ಮ ಸಮಾಜದ ಅಜ್ಞಾನವನ್ನು ಕುರಿತು ಹೇಳಬೇಕಾದ ಮಾತೂ ಒಂದಿತ್ತು.

ಇಲ್ಲಿ ಸೆನ್ಸಾರಿನವರ ಮುದ್ರೆ ನಮಗೆ ಹೆಚ್ಚು ನೆರವಾಗುವುದಿಲ್ಲ. ‘ಎ’ ಎಂದರೆ ಹದಿನೆಂಟು ತುಂಬಿದವರಿಗೆ ಎಂದಷ್ಟೇ ಅರ್ಥ. ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. 1983ರಲ್ಲಿ ‘ಯು/ಎ’ ಎಂಬ ನಡುವಿನ ವರ್ಗ ಬಂತು. 2024ರ ನಿಯಮಗಳಲ್ಲಿ ಅದನ್ನೂ 7, 13, 16 ವರ್ಷ ಎಂದು ಮೂರಾಗಿ ಒಡೆದರು. ಇದರಿಂದ ವಯಸ್ಸಿನ ಲೆಕ್ಕ ಸಿಕ್ಕೀತು, ಅಭಿರುಚಿಯ ಲೆಕ್ಕ ಸಿಕ್ಕದು.

ಹಿರಿಯರ ಈ ಷರಾದಲ್ಲಿ ಪರವೂರಿನಲ್ಲಿರುವ ನಮಗೇ ಮೀಸಲಾದ ತೊಡಕೊಂದಿದೆ. ‘ನೀರ್ ದೋಸೆ’ಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದ ಹಿರಿಯರೊಬ್ಬರು ‘ಗ್ರ್ಯಾಂಡ್ ಮಸ್ತಿ’ಯ ವಿಷಯ ಬಂದಾಗ “ಏನೋ ಹುಡುಗಾಟ ಬಿಡಿ” ಎಂದರು. ಹಿಂದಿಯ ಪೋಲಿ ಮಾತು ನಮ್ಮ ಕಿವಿಯವರೆಗೆ ಬಂದು ನಿಲ್ಲುತ್ತದೆ, ಕನ್ನಡದ್ದಾದರೆ ನೆತ್ತಿಗೇರುತ್ತದೆ. ತಾಯಿ ಅನ್ನ ಕಲಸಿಕೊಟ್ಟ ಭಾಷೆಯಲ್ಲವೇ! ಆದರೆ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು? ಅವರು ಗೆಳೆತನ ಮಾಡಿದ್ದು, ಜಗಳವಾಡಿದ್ದು ಎಲ್ಲವೂ ಗುಜರಾತಿಯಲ್ಲಿ. ನಮ್ಮ ಗುಜರಾತಿ ತರಕಾರಿ ಗಾಡಿಯಿಂದ ಆಚೆಗೆ ಬಹಳ ದೂರ ಹೋಗಿಲ್ಲ. ಮಕ್ಕಳು ಮೊಬೈಲು ಹಿಡಿದು ನಗುತ್ತಿರುವಾಗ ನಮಗೆ ನಗೆ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ತಿಳಿಯದ್ದನ್ನು ನಿರಪಾಯವೆಂದು ಬಗೆಯುವುದು ಸುಲಭ.

ಎರಡನೆಯ ಷರಾ ಹುಡುಗರದು: “ತಮಾಷೆ ಅಷ್ಟೇ ಅಂಕಲ್, ಕಾಲೇಜಿನಲ್ಲಿ ಇದಕ್ಕಿಂತ ಜಾಸ್ತಿ ನಡೀತದೆ.” ಇದನ್ನೂ ತಳ್ಳಿಹಾಕುವಂತಿಲ್ಲ. ಕೃಷ್ಣದೇವ್ ಯಾಜ್ಞಿಕ್ ನಿರ್ದೇಶಿಸಿದ ‘ಛೇಲ್ಲೋ ದಿವಸ್’, ಅಂದರೆ ‘ಕಡೆಯ ದಿನ’, ಎಂಟು ಮಂದಿ ಗೆಳೆಯ ಗೆಳತಿಯರ ಕಾಲೇಜು ಬದುಕಿನ ಕಥೆ. ಅದು ಗೆದ್ದದ್ದು ತಾರೆಯರಿಂದಲ್ಲ; ಮಲ್ಹಾರ್ ಠಾಕರ್‌ಗೆ ಅದೇ ಮೊದಲ ಚಿತ್ರ. ಪರದೆಯ ಮೇಲೆ ತಮ್ಮದೇ ಅಡ್ಡಾಭಾಷೆ ಕೇಳಿ ಗುಜರಾತಿನ ಹುಡುಗರು ಮುಗಿಬಿದ್ದರು. ಸಪ್ಪೆಯಾಗಿದ್ದ ಗುಜರಾತಿ ಚಿತ್ರರಂಗಕ್ಕೆ ಹೊಸ ಪ್ರೇಕ್ಷಕರನ್ನು ಕರೆತಂದ ಚಿತ್ರಗಳಲ್ಲಿ ಅದೂ ಒಂದು. ಮರುವರ್ಷವೇ ಹಿಂದಿಗೂ ಹೋಯಿತು. ಇನ್ನು ಪ್ರಯಾಣದ ಮಾತು: 1960ರಲ್ಲಿ ರಾಜ್ಯವಾದಾಗಿನಿಂದ ಪಾನನಿಷೇಧವಿರುವ ಈ ಗುಜರಾತಿನಲ್ಲಿ, ಸೂರತ್ತಿನ ಹುಡುಗರು ‘ಟ್ರಿಪ್’ ಎಂದರೆ ಸುಮಾರು 120 ಕಿಲೋಮೀಟರು ದೂರದ ದಮಣದ ಹೆಸರು ಬರುವುದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ. ಹೀಗಾಗಿ ‘ಇದ್ದದ್ದನ್ನೇ ತೋರಿಸಿದ್ದಾರೆ’ ಎಂಬ ವಾದದಲ್ಲಿ ಹುರುಳಿದೆ.

ಆದರೆ ಇದ್ದದ್ದೆಲ್ಲವನ್ನೂ ತೋರಿಸಿದ್ದಾರೆಯೇ? ಮೂರನೆಯ ಷರಾ ಇಲ್ಲಿ ಬರುತ್ತದೆ. ಅದನ್ನು ಹೇಳಿದವಳು ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಬಳಗದ ಹುಡುಗಿ, ಹಿರಿಯರೂ ಹುಡುಗರೂ ವಾದಿಸಿ ಸುಮ್ಮನಾದ ಮೇಲೆ ಮೆಲ್ಲಗೆ ಹೇಳಿದಳು: “ಕ್ಲಾಸಿನಲ್ಲಿ ಹುಡುಗರು ಆ ಡೈಲಾಗ್ ಹೊಡೆದು ನಮ್ಮ ಮುಖ ನೋಡ್ತಾರೆ. ನಕ್ಕರೆ ಒಂದು ಹೆಸರು ಇಡ್ತಾರೆ, ನಗದಿದ್ದರೆ ಇನ್ನೊಂದು.”

ಅಶ್ಲೀಲವೋ ಅಲ್ಲವೋ ಎಂದು ಹಿರಿಯರೂ ಹುಡುಗರೂ ಎಷ್ಟು ವಾದಿಸಿದರೂ ಈ ಮಾತಿಗೆ ಉತ್ತರ ಸಿಕ್ಕದು. ಏಕೆಂದರೆ ಪ್ರಶ್ನೆ ಮಾತು ಎಷ್ಟು ಪೋಲಿ ಎಂಬುದಲ್ಲ. ಆ ಮಾತು ಯಾರ ಮೇಲೆ ಬೀಳುತ್ತದೆ, ಬಿದ್ದವರಿಗೆ ತಿರುಗಿ ಆಡಲು ಬಾಯಿ ಉಂಟೋ ಇಲ್ಲವೋ ಎಂಬುದು. ಈ ಅಳತೆಗೋಲು ನಮ್ಮ ಹೊಸ ಕಲ್ಪನೆಯಲ್ಲ. ನಮ್ಮ ಮದುವೆಗಳಲ್ಲಿ ಬೀಗರ ಹಾಡು ಇತ್ತು, ಇಲ್ಲಿಯವರಲ್ಲಿ ‘ಫಟಾಣಾ’ ಇದೆ. ಎರಡರಲ್ಲೂ ಹೆಂಗಸರೇ ಹಾಡುವವರು, ಎರಡರಲ್ಲೂ ತುಂಟತನಕ್ಕೆ ಕೊರತೆಯಿಲ್ಲ. ಆದರೆ ಈ ಕಡೆಯವರು ಒಂದು ಹಾಡಿದರೆ ಆ ಕಡೆಯವರು ಎರಡು ಹಾಡುತ್ತಾರೆ. ಕೊಟ್ಟದ್ದನ್ನು ತಿರುಗಿ ಪಡೆಯಬೇಕಾದಲ್ಲಿ ಪೋಲಿತನ ತಾನಾಗಿಯೇ ಹದಕ್ಕೆ ಬರುತ್ತದೆ.

ಈ ಲಿಟ್ಮಸ್ ಕಾಗದವನ್ನು ಒಂದೊಂದೇ ಚಿತ್ರದಲ್ಲಿ ಅದ್ದಿ ನೋಡೋಣ. ‘ರೋಡ್ ಟ್ರಿಪ್’ನಲ್ಲಿ ನಾಯಕ ಬೇರೊಬ್ಬಳೊಡನೆ ಕಳೆದ ರಾತ್ರಿಯ ವೀಡಿಯೋ ಟೇಪು ತಪ್ಪಿ ಅವನ ಪ್ರೇಯಸಿಗೇ ಅಂಚೆಯಲ್ಲಿ ಹೋಗಿಬಿಡುತ್ತದೆ. ಅವಳ ಕೈಸೇರುವ ಮೊದಲು ಅದನ್ನು ಹಿಡಿಯಲು ನಾಲ್ವರು ಹುಡುಗರು ಇಥಾಕಾದಿಂದ ಟೆಕ್ಸಾಸಿನ ಆಸ್ಟಿನ್ನಿಗೆ ಸುಮಾರು 1,800 ಮೈಲಿ ಧಾವಿಸುತ್ತಾರೆ. ಒಬ್ಬ ಹುಡುಗಿಗೆ ಸತ್ಯ ತಿಳಿಯಬಾರದೆಂಬುದೇ ಇಡೀ ಪ್ರಯಾಣದ ಇಂಧನ. ಅವಳು ಪಾತ್ರವೆನ್ನುವುದಕ್ಕಿಂತ ವಿಳಾಸ ಎನ್ನಬಹುದು. ನಡುವೆ ಗಾಡಿ ಹಾಳಾದಾಗ ಅಂಧರ ಶಾಲೆಯ ಬಸ್ಸನ್ನೇ ಹಾರಿಸುತ್ತಾರೆ, ಅದೂ ನಗೆಯೇ!

‘ಗ್ರ್ಯಾಂಡ್ ಮಸ್ತಿ’ಯಲ್ಲಿ ಮದುವೆಯಾದ ಮೂವರು ಗಂಡಸರು ತಾವು ಓದಿದ ಕಾಲೇಜಿನ ಪುನರ್ಮಿಲನಕ್ಕೆ ಹೊರಡುತ್ತಾರೆ. ಹೆಂಡತಿ ಎಂದರೆ ಅಡ್ಡಿ, ಉಳಿದ ಹೆಂಗಸರೆಲ್ಲ ಬೇಟೆ. ‘ಎ’ ಮುದ್ರೆಯ ಈ ಚಿತ್ರ ನೂರು ಕೋಟಿ ರೂಪಾಯಿಗೂ ಮೀರಿ ಗಳಿಸಿತು. ಆದ್ದರಿಂದ ನೋಡಿದವರೇ ಇಲ್ಲ ಎನ್ನುವಂತಿಲ್ಲ. ಒಪ್ಪಿಕೊಳ್ಳುವವರು ಮಾತ್ರ ಸಿಕ್ಕುವುದಿಲ್ಲ.

‘ಛೇಲ್ಲೋ ದಿವಸ್’ ಇವೆರಡಕ್ಕಿಂತ ಮೇಲು. ಅದರಲ್ಲಿ ಗೆಳೆತನದ ನಿಜವಾದ ಬಿಸಿ ಇದೆ. ಹುಡುಗರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಆದರೂ ಕಾಲೇಜನ್ನು ಕಂಡದ್ದು ಹುಡುಗರ ಬೆಂಚಿನಿಂದ. ಹುಡುಗಿಯರು ಕಾಡುವವರು, ಇಲ್ಲವೇ ಕಾಯಿಸುವವರು. ಪ್ರತಿಭೆ ಇರಲಿಲ್ಲವೆಂದಲ್ಲ. ಅದರಲ್ಲಿ ನಟಿಸಿದ ಜಾನಕಿ ಬೋಡಿವಾಲಾ ಅದೇ ನಿರ್ದೇಶಕರ 2023ರ ‘ವಶ್’ ಚಿತ್ರಕ್ಕಾಗಿ 2025ರಲ್ಲಿ ಪೋಷಕ ನಟಿಯ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಆಕೆಯಲ್ಲಿ ಶಕ್ತಿಯಿತ್ತು, ಮೊದಲ ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇನ್ನು ನಮ್ಮವರು ಅತಿ ಹೆಚ್ಚು ಬೈದ ‘ನೀರ್ ದೋಸೆ’. ವಿಜಯಪ್ರಸಾದ್ ನಿರ್ದೇಶನದ ಈ ಚಿತ್ರದಲ್ಲಿ ಶವ ಸಾಗಿಸುವ ವಾಹನದ ಚಾಲಕನಾಗಿ ಜಗ್ಗೇಶ್, ಮದುವೆಯಾಗದೆ ಉಳಿದ ಹಿರಿಯರಾಗಿ ದತ್ತಣ್ಣ, ವೇಶ್ಯೆಯಾಗಿ ಹರಿಪ್ರಿಯಾ, ಜೊತೆಗೆ ಸುಮನ್ ರಂಗನಾಥ್. ಮಾತುಗಳು ಮಡಿವಂತರ ಕಿವಿಗಲ್ಲ. ಕೆಲವು ಕಡೆ ಬೇಕಾದದ್ದಕ್ಕಿಂತ ಹೆಚ್ಚೇ ಇವೆ, ಕತ್ತರಿ ಹಾಕಬಹುದಾಗಿತ್ತು. ಆದರೆ ಗಮನಿಸಿ: ಇಲ್ಲಿ ಹೆಂಗಸರು ಪೋಲಿ ಮಾತನ್ನು ಕೇಳಿಸಿಕೊಳ್ಳುವವರಷ್ಟೇ ಅಲ್ಲ, ಆಡುವವರೂ ಹೌದು. ಲೋಕ ಹೆಸರಿಟ್ಟ ಹೆಣ್ಣೇ ಲೋಕವನ್ನು ಕಂಡು ನಗುತ್ತಾಳೆ. ಜೊತೆಯಾಗಿ ದಾರಿ ಹಿಡಿದ ಈ ಒಂಟಿ ಜೀವಗಳಿಗೆ ನಗೆಯೇ ಬುತ್ತಿ. ಬೀಗರ ಹಾಡಿನ ನ್ಯಾಯ ಇಲ್ಲಿ ನಡೆದಿದೆ. ನಮ್ಮ ಕಾಗದ ಇತರ ಚಿತ್ರಗಳಲ್ಲಿ ತೋರಿಸಿದ ಬಣ್ಣವನ್ನು ಇಲ್ಲಿ ತೋರಿಸಲಿಲ್ಲ. ಅಂದರೆ ನಮ್ಮ ಪ್ರೇಕ್ಷಕರು ಹೆಚ್ಚು ಸಿಟ್ಟಾದದ್ದು ಕಡಿಮೆ ನೋಯಿಸುವ ಚಿತ್ರದ ಮೇಲೆ. ಕಾರಣ, ಅದರ ಮಾತು ಅವರಿಗೆ ಅರ್ಥವಾಯಿತು.

ಇದರಿಂದ ‘ನೀರ್ ದೋಸೆ’ಯನ್ನು ಮಕ್ಕಳ ಮುಂದೆ ಬಡಿಸಿ ಎಂದು ನಾವು ಹೇಳುತ್ತಿಲ್ಲ. ವಯಸ್ಸಿನ ಗೆರೆ ಇರಬೇಕಾದಲ್ಲಿ ಇರಲಿ. ನಮ್ಮ ಮಾತು ಕಾಲೇಜಿನ ಹೊಸ್ತಿಲಲ್ಲಿರುವ ಮಕ್ಕಳ ತಾಯಿತಂದೆಯರಿಗೆ. ಇಂದು ಸೂರತ್ತಿನ ಎಸ್.ವಿ.ಎನ್.ಐ.ಟಿ.ಯಲ್ಲೋ ವಡೋದರಾದ ವಿಶ್ವವಿದ್ಯಾಲಯದಲ್ಲೋ ಓದಲು ಹೊರಡುವ ಹುಡುಗ, ಕಾಲೇಜು ಎಂದರೆ ಹೇಗಿರುತ್ತದೆ ಎಂಬುದನ್ನು ನಮ್ಮಿಂದ ಕಲಿಯುವುದಿಲ್ಲ, ಇಂತಹ ಚಿತ್ರಗಳಿಂದ ಕಲಿಯುತ್ತಾನೆ. ‘ನೋಡಬೇಡ’ ಎಂದರೆ ಅವನು ನಮ್ಮ ಬೆನ್ನ ಹಿಂದೆ ನೋಡುತ್ತಾನೆ, ಅಷ್ಟೇ. ಅದರ ಬದಲು ಒಂದು ಪ್ರಶ್ನೆ ಕೇಳಿ: “ಅಲ್ಲಿ ಯಾರನ್ನು ಕಂಡು ನಕ್ಕೆಯಪ್ಪಾ? ಅವರು ನಿನ್ನ ಪಕ್ಕದಲ್ಲಿ ಕುಳಿತಿದ್ದರೆ ಅವರಿಗೂ ನಗು ಬರುತ್ತಿತ್ತೇ?” ಮಾತು ತಿಳಿಯದಿದ್ದರೆ ಅರ್ಥ ಹೇಳೆನ್ನಿ. ಗುಜರಾತಿಯ ಆ ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗಿ ಬಂದಾಗ, ಅದು ತಮಾಷೆಯೋ ಅಲ್ಲವೋ ಎಂಬುದು ಅವನಿಗೇ ಗೊತ್ತಾಗುತ್ತದೆ.

ಹಾಗೆಯೇ ಮನೆಯ ಹೆಣ್ಣುಮಕ್ಕಳನ್ನೂ ಕೇಳಿ, ಕೇಳಿ ಸುಮ್ಮನೆ ಕುಳಿತು ಆಲಿಸಿ. ಇಷ್ಟು ದಿನ ಈ ಚಿತ್ರಗಳ ಬಗ್ಗೆ ಗಟ್ಟಿಯಾಗಿ ಅಭಿಪ್ರಾಯ ಹೇಳಿದವರೆಲ್ಲ ಗಂಡಸರೇ, ನಮ್ಮನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ನಮ್ಮ ಬಳಗದ ಯಾವಳಾದರೂ ಕಾಲೇಜು ಹುಡುಗಿ ಬರೆದರೆ ನಾವು ಸಂತೋಷದಿಂದ ಜಾಗ ಬಿಡುತ್ತೇವೆ.