ಮಹಾಪ್ರಬಂಧದ ರೂಪರೇಷೆಯೂ ಓಲೆಗರಿಯ ಸಾಕ್ಷ್ಯವೂ

ಜೈನಕೃತಿಗಳನ್ನು ಕುರಿತು ಪಿಎಚ್.ಡಿ. ಪದವಿಗಾಗಿ ಮಹಾಪ್ರಬಂಧಗಳು ಸಿದ್ಧವಾಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವುಗಳಲ್ಲಿ ಹಲವನ್ನು ಒಟ್ಟಿಗೆ ಇರಿಸಿಕೊಂಡು ಪರಿಶೀಲಿಸಿದರೆ ಅಧ್ಯಾಯಗಳ ವಿಂಗಡಣೆ ಬಹುಮಟ್ಟಿಗೆ ಒಂದೇ ಎಂಬುದು ಎದ್ದು ಕಾಣುತ್ತದೆ. ಜೈನಧರ್ಮದ ಉಗಮ ಮತ್ತು ವಿಕಾಸ, ರಾಜಾಶ್ರಯ, ಕವಿಯ ಕಾಲದೇಶಗಳು, ಕಥಾಸಾರ, ಪಾತ್ರ, ರಸ, ಅಲಂಕಾರ, ಉಪಸಂಹಾರ. ಕೃತಿ ಯಾವುದೇ ಆಗಿರಲಿ, ಈ ಚೌಕಟ್ಟು ಕದಲುವುದಿಲ್ಲ. ಹಸ್ತಪ್ರತಿಗಳ ವಿಚಾರಕ್ಕೆ ಅರ್ಧ ಪುಟ ಮೀಸಲು. ಅದೂ ಪೂರ್ವಸಂಪಾದಕರ ಪೀಠಿಕೆಯಿಂದ ಎತ್ತಿಕೊಂಡದ್ದು.

ಇದಕ್ಕೆ ಕಾರಣವನ್ನು ಅಭ್ಯರ್ಥಿಯ ಸೋಮಾರಿತನದಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ. ನೋಂದಣಿಯ ವೇಳೆಗೇ ಅಧ್ಯಾಯಗಳ ಹೆಸರುಗಳ ಸಹಿತ ರೂಪರೇಷೆಯನ್ನು ಒಪ್ಪಿಸಬೇಕಾಗಿರುವುದರಿಂದ, ಓಲೆಯನ್ನು ಬಿಚ್ಚುವ ಮೊದಲೇ ನಿರ್ಣಯಗಳು ನಿಂತುಬಿಡುತ್ತವೆ. ಅನಂತರದ ವರ್ಷಗಳೆಲ್ಲ ಆ ನಿರ್ಣಯಗಳಿಗೆ ಆಧಾರ ಕೂಡಿಸುವುದರಲ್ಲಿ ಕಳೆಯುತ್ತವೆ.

ವಡ್ಡಾರಾಧನೆಯನ್ನೇ ತೆಗೆದುಕೊಳ್ಳಬಹುದು. 'ಶಿವಕೋಟ್ಯಾಚಾರ್ಯನ ಜೀವನ' ಎಂಬುದು ಮೊದಲ ಅಧ್ಯಾಯವೆಂದು ಗೊತ್ತುಮಾಡಿದ ಅಭ್ಯರ್ಥಿ ಪ್ರಶ್ನೆಯನ್ನೇ ಉತ್ತರವೆಂದು ಸ್ವೀಕರಿಸಿದಂತಾಯಿತು. ಡಾ. ಆ. ನೇ. ಉಪಾಧ್ಯೆಯವರು 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶಕ್ಕೆ ಬರೆದ ಪೀಠಿಕೆಯಲ್ಲಿ ಆರಾಧನಾ ಸಾಹಿತ್ಯದ ಪರಂಪರೆಯನ್ನೆಲ್ಲ ಹರಡಿ, ಕನ್ನಡದ ಈ ಹತ್ತೊಂಬತ್ತು ಕಥೆಗಳನ್ನು ಅದರ ನಡುವೆ ಇರಿಸಿ ನೋಡಿದರು. ಕಥೆಗಳ ಮೊದಲಲ್ಲಿ ಬರುವ ಪ್ರಾಕೃತ ಗಾಹೆಗಳು ಭಗವತೀ ಆರಾಧನೆಗೆ ಸಂಬಂಧಿಸಿದವು. ಆ ಗ್ರಂಥದ ಕರ್ತೃ ಶಿವಾರ್ಯ. ಹೀಗಿರುವಾಗ ಪುಷ್ಪಿಕೆಯಲ್ಲಿನ ಹೆಸರು ಕನ್ನಡ ಕೃತಿಕಾರನದೋ, ಮೂಲದ ಆಚಾರ್ಯನದೋ ಎಂಬ ಸಂಶಯ ಏಳಲೇಬೇಕು. ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದಲ್ಲಿ ಬರುವ ಭ್ರಾಜಿಷ್ಣುವಿನ ಕರ್ಣಾಟ ಟೀಕೆಯ ಉಲ್ಲೇಖ ಆ ಸಂಶಯವನ್ನು ಬಲಪಡಿಸುತ್ತದೆ. 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆ ಹೊರಬಂದ ಮೇಲೂ ವಿದ್ವಾಂಸರಲ್ಲಿ ಚರ್ಚೆ ನಿಲ್ಲಲಿಲ್ಲ. ಇಂತಹ ಕೃತಿಯನ್ನು ಕುರಿತ ಪ್ರಬಂಧದಲ್ಲಿ ಕವಿಜೀವನ ಮೊದಲು ಬರಲಾರದು. ಬಂದರೆ ಕೊನೆಯಲ್ಲಿ, ಅದೂ ಸಾಕ್ಷ್ಯವಿದ್ದಷ್ಟು ಮಾತ್ರ.

ಎರಡನೆಯ ದೋಷ ಇದಕ್ಕಿಂತ ಗುರುತರವಾದುದು. ಪ್ರತಿಯಲ್ಲಿ ಏನಿದೆ, ಅಭ್ಯರ್ಥಿ ಏನನ್ನು ಊಹಿಸಿದ್ದಾನೆ ಎಂಬ ಎರಡನ್ನೂ ಬೆರೆಸಿ ಬರೆಯುವುದು. ಷಟ್ಖಂಡಾಗಮದ ಸಂಪಾದನೆಯ ಇತಿಹಾಸವನ್ನು ಬಲ್ಲವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. 1939ರಲ್ಲಿ ಡಾ. ಹೀರಾಲಾಲ ಜೈನರು ಧವಲಾಟೀಕಾಸಹಿತವಾದ ಮೊದಲ ಸಂಪುಟವನ್ನು ಅಮರಾವತಿಯಿಂದ ಹೊರತಂದಾಗ ಅವರ ಕೈಯಲ್ಲಿದ್ದುದು ಮೂಡಬಿದಿರೆಯ ಓಲೆಗಳಲ್ಲ. ಅವುಗಳಿಂದ ಇಳಿದುಬಂದ ಕಾಗದದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವೆಡೆ, 'ಸಂಜದ' ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ. ಟೀಕೆಯ ವಾದಸರಣಿ ಮಾತ್ರ ಆ ಪದವಿಲ್ಲದೆ ನಿಲ್ಲುವಂತಿರಲಿಲ್ಲ. ಸಂಪಾದಕರು ಪದವನ್ನು ಮೂಲದೊಳಗೆ ತೂರಿಸಲಿಲ್ಲ. ಇಲ್ಲಿ ಇಂತಹದೊಂದು ಪಾಠ ಬಿಟ್ಟುಹೋದಂತೆ ತೋರುತ್ತದೆಯೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದ್ರವ್ಯಸ್ತ್ರೀ, ಭಾವಸ್ತ್ರೀ ವಿವೇಚನೆಗೂ ಸ್ತ್ರೀಮುಕ್ತಿಯ ಪ್ರಶ್ನೆಗೂ ತಗಲುವ ಪದವಾದ್ದರಿಂದ ಸಮಾಜದಲ್ಲಿ ಉಗ್ರವಾದ ವಿವಾದವೇ ಎದ್ದಿತು. ಮುಂದೆ ಮೂಡಬಿದಿರೆಯ ತಾಡಪತ್ರಗಳೊಡನೆ ಹೋಲಿಸಿ ನೋಡಿದಾಗ ಪದ ಅಲ್ಲಿಯೇ ಇತ್ತು. 'ಸಂಜದಾಸಂಜದ' ಎಂಬುದರ ಬೆನ್ನಿಗೇ ಮತ್ತೊಮ್ಮೆ 'ಸಂಜದ' ಬರುವಲ್ಲಿ ಲಿಪಿಕಾರನ ಕಣ್ಣು ಜಾರುವುದು ಸಹಜ.

ಸಂಪಾದಕರು ತಮ್ಮ ಊಹೆಯನ್ನು ಮೂಲಪಾಠವೆಂದೇ ಅಚ್ಚುಮಾಡಿಸಿದ್ದರೆ, ಅದು ಸರಿಯಾಗಿದ್ದೂ, ಪಕ್ಷಪಾತದ ಆರೋಪದಿಂದ ಪಾರಾಗುತ್ತಿರಲಿಲ್ಲ. ಪಾಠವನ್ನು ತಿದ್ದಿ, ತಿದ್ದಿದ್ದನ್ನು ಹೇಳದೆ ಮುಂದುವರಿಯುವ ಇಂದಿನ ಅಭ್ಯರ್ಥಿಗಳಿಗೆ ಮಾರ್ಗದರ್ಶಕರು ಮೊದಲ ದಿನವೇ ತೋರಿಸಬೇಕಾದ ಪುಟವದು.

ಸೂಚಿಗಳ ಬಳಕೆಯನ್ನು ಕುರಿತೂ ಒಂದು ಮಾತು. ವೇಲಣಕರರ ಜಿನರತ್ನಕೋಶ (1944), ಪಂ. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ (1948) ಇವು ದಾರಿ ತೋರುವ ಗ್ರಂಥಗಳು. ಸೂಚಿಯಲ್ಲಿ ಹೆಸರು ಕಂಡೊಡನೆ ಪ್ರತಿಯನ್ನು ನೋಡಿದಂತೆ ಬರೆಯುವವರು ಇದ್ದಾರೆ. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳಿರುವುದು, ಮೊದಲ ಗರಿಯ ಹೆಸರು ಒಂದಾಗಿ ಒಳಗಿನ ಗ್ರಂಥ ಮತ್ತೊಂದಾಗಿರುವುದು ಭಂಡಾರಗಳಲ್ಲಿ ಕೆಲಸಮಾಡಿದವರಿಗೆ ಹೊಸತಲ್ಲ. ಈಗ ಛಾಯಾಪ್ರತಿಗಳು ಮನೆಯಲ್ಲಿಯೇ ದೊರೆಯುವಂತಾಗಿ ಅನುಕೂಲ ಬಹಳವಾಗಿದೆ. ಆದರೆ ಮಸಿ ಹಿಡಿಯದ ಕೊರೆತವನ್ನು ಓದಲು ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕಾಗುತ್ತದೆ, ಅದು ಚಿತ್ರದಲ್ಲಿ ಸಾಧ್ಯವಿಲ್ಲ.

ಆದ್ದರಿಂದ ರೂಪರೇಷೆಯನ್ನು ಎರಡು ಹಂತಗಳಲ್ಲಿ ಒಪ್ಪಿಸಿಕೊಳ್ಳುವುದು ಯುಕ್ತ. ಮೊದಲು ಪ್ರತಿಗಳ ವಿವರ: ಗರಿಗಳ ಸಂಖ್ಯೆ, ಅಳತೆ, ಪುಟಕ್ಕೆ ಸಾಲುಗಳು, ಲಿಪಿ, ತ್ರುಟಿತ ಭಾಗಗಳು, ಪುಷ್ಪಿಕೆಯ ಯಥಾವತ್ತಾದ ನಕಲು. ಕನಿಷ್ಠ ಒಂದು ಸಂಧಿಯ ಪಾಠಾಂತರಗಳು ಸಿದ್ಧವಾದ ಮೇಲೆಯೇ ಅಧ್ಯಾಯಗಳ ಹೆಸರು. ಪ್ರಾಕೃತ, ಹಳಗನ್ನಡಗಳ ಓದು ಬಾರದ ಅಭ್ಯರ್ಥಿ ಈ ಮೊದಲ ಹಂತದಲ್ಲಿಯೇ ಗೊತ್ತಾಗುತ್ತಾನೆ. ಅವನಿಗೆ ಬೇರೆ ವಿಷಯವನ್ನು ಸೂಚಿಸಲು ಆಗ ಇನ್ನೂ ಸಮಯವಿರುತ್ತದೆ.