ಅತ್ತಿಮರದಡಿಯ ದೇವರು

ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ಹೋದ ಕೇಶ್ಯಾ ದಣಿದು ಅತ್ತಿಮರದ ಕೆಳಗೆ ಮಲಗುತ್ತಾನೆ. ನಿದ್ದೆಯ ಮಂಪರಿನಲ್ಲಿ ದತ್ತಾತ್ರೇಯ ಕಾಣಿಸುತ್ತಾನೆ. ಎದ್ದವನೇ ದೇವರು ಕಂಡ ಎಂದು ಕೂಗುತ್ತಾ ಊರ ತುಂಬ ಓಡುತ್ತಾನೆ. ಉಮೇಶ್ ಕುಲಕರ್ಣಿ ನಿರ್ದೇಶಿಸಿದ, ಗಿರೀಶ್ ಕುಲಕರ್ಣಿ ಬರೆದು ನಟಿಸಿದ ಮರಾಠಿ ಚಿತ್ರ ‘ದೇವೂಳ್’ (2011) ಹೊರಡುವುದು ಇಲ್ಲಿಂದ. ಗಾಣಗಾಪುರಕ್ಕೆ ಹೋಗಿಬಂದ ಕನ್ನಡಿಗರಿಗೆ ಅತ್ತಿಮರಕ್ಕೂ ದತ್ತನಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಕೇಶ್ಯಾ ಸುಳ್ಳುಗಾರನಲ್ಲ, ಅವನಿಗೆ ಕಂಡದ್ದು ಅವನ ಪಾಲಿಗೆ ನಿಜ. ಚಿತ್ರ ಅವನನ್ನು ಒಮ್ಮೆಯೂ ಗೇಲಿ ಮಾಡುವುದಿಲ್ಲ.

ಮೂಢನಂಬಿಕೆಯ ಕುರಿತ ಭಾರತೀಯ ಹಾಸ್ಯಚಿತ್ರಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ನಗು ಯಾರ ಮೇಲೆ ಬೀಳುತ್ತದೆ? ನಂಬಿದವನ ಮೇಲೋ, ನಂಬಿಕೆಯನ್ನು ಮಾರಿಕೊಂಡವನ ಮೇಲೋ?

ಸತ್ಯಜಿತ್ ರಾಯ್ ಅವರ ‘ಮಹಾಪುರುಷ್’ (1965) ಹಳ್ಳಿಯ ಕತೆಯಲ್ಲ, ಕಲ್ಕತ್ತೆಯ ಓದಿದವರ ಕತೆ. ಆದರೂ ಮುಂದೆ ಬಂದ ಎಷ್ಟೋ ಚಿತ್ರಗಳ ಅಚ್ಚು ಅದರಲ್ಲಿದೆ. ಪರಶುರಾಮ್ ಹೆಸರಿನಲ್ಲಿ ಬರೆಯುತ್ತಿದ್ದ ರಾಜಶೇಖರ ಬಸು ಅವರ ಕತೆಯಲ್ಲಿ ಹುಟ್ಟಿದ ಬಿರಿಂಚಿ ಬಾಬಾ ಎರಡು ಕೈಗಳ ತೋರುಬೆರಳುಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಕಾಲವನ್ನೇ ಆಡಿಸುವವನಂತೆ ತೋರಿಸಿಕೊಳ್ಳುತ್ತಾನೆ. ವಕೀಲರು, ಹಣವಂತರು ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಕೊನೆಗೆ ಅವನ ಬಣ್ಣ ಬಯಲಾಗುತ್ತದೆ. ಈ ಬಣ್ಣ ಬಯಲಾಗುವ ಮುಕ್ತಾಯವೇ ಈ ಪರಂಪರೆಗೆ ಅಂಟಿದ ಚಾಳಿ. ಬಾಬಾ ಓಡಿಹೋದರೂ ಅವನನ್ನು ಕರೆಸಿಕೊಂಡ ಭಯ, ಆಸೆ ಅಲ್ಲೇ ಉಳಿಯುತ್ತವೆ. ರಾಜ್‌ಕುಮಾರ್ ಹಿರಾನಿಯವರ ‘ಪಿಕೆ’ (2014) ಕೂಡ ಅರ್ಧ ಶತಮಾನದ ನಂತರ ಅದೇ ದಾರಿ ಹಿಡಿದು ಟಿ.ವಿ. ಸ್ಟುಡಿಯೋದಲ್ಲಿ ಗುರುವನ್ನು ಸೋಲಿಸಿ ಗೆಲುವು ಸಾರಿತು.

‘ದೇವೂಳ್’ ಬೇರೆಯಾಗುವುದು ಇಲ್ಲೇ. ಕೇಶ್ಯಾನ ಊರಾದ ಮಂಗರೂಳದಲ್ಲಿ ವಂಚಕ ಬಾಬಾ ಇಲ್ಲ. ಇರುವವರು ರಾಜಕಾರಣಿ ಭಾವೂ (ನಾನಾ ಪಾಟೇಕರ್), ಪತ್ರಕರ್ತ, ಕೆಲಸವಿಲ್ಲದ ಹುಡುಗರು. ಊರಿಗೆ ಆಸ್ಪತ್ರೆ ಬರಲಿ ಎಂದು ಹಂಬಲಿಸುವ ಅಣ್ಣಾ (ದಿಲೀಪ್ ಪ್ರಭಾವಳ್ಕರ್) ಒಂಟಿಯಾಗುತ್ತಾ ಹೋಗುತ್ತಾರೆ. ದೇವಸ್ಥಾನ ಎದ್ದ ಮೇಲೆ ಅಂಗಡಿ ಸಾಲು, ಜನಜಂಗುಳಿ, ಎಲ್ಲರ ಕೈಯಲ್ಲೂ ನಾಲ್ಕು ಕಾಸು. ಆಸ್ಪತ್ರೆ ಕೊಡಲಾಗದ ಸಂಪಾದನೆಯನ್ನು ದೇವರು ಕೊಟ್ಟ ಎನ್ನುವುದು ಊರಿನವರ ಲೆಕ್ಕ, ಅದು ಪೂರ್ತಿ ತಪ್ಪೂ ಅಲ್ಲ. ಕಡೆಗೆ ತನ್ನ ದೇವರು ಸಂತೆಯ ಸರಕಾದದ್ದನ್ನು ತಾಳಲಾರದೆ ಕೇಶ್ಯಾ ವಿಗ್ರಹವನ್ನೇ ಹೊತ್ತೊಯ್ದು ನೀರಿಗೆ ಬಿಡುತ್ತಾನೆ. ಊರು ಇನ್ನೊಂದನ್ನು ತಂದು ಕೂರಿಸುತ್ತದೆ! ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ‘ದೇವೂಳ್’ ಹಂಚಿಕೊಂಡದ್ದು ನಮ್ಮ ಕರಾವಳಿಯ ಭಾಷೆಯ ‘ಬ್ಯಾರಿ’ ಚಿತ್ರದೊಂದಿಗೆ.

ಶ್ಯಾಮ್ ಬೆನೆಗಲ್ ಅವರ ‘ವೆಲ್‌ಕಮ್ ಟು ಸಜ್ಜನ್‌ಪುರ್’ (2008) ಚಿತ್ರದಲ್ಲಿ ಕುಜದೋಷ ಕಳೆಯಲೆಂದು ಮಗಳಿಗೆ ನಾಯಿಯ ಜೊತೆ ಮದುವೆ ಗೊತ್ತುಮಾಡುವ ತಾಯಿ ಬರುತ್ತಾಳೆ. ಪ್ರೇಕ್ಷಕ ನಗುತ್ತಾನೆ, ಆದರೆ ಓದಿದ ಆ ಮಗಳು ವಿಂಧ್ಯಾಳ ಮುಖದ ಮೇಲಿನ ಸಿಟ್ಟು ಆ ನಗುವನ್ನು ಅರ್ಧಕ್ಕೇ ತಡೆಯುತ್ತದೆ. ‘ಸ್ತ್ರೀ’ (2018) ಚಿತ್ರದಲ್ಲಿ ದೆವ್ವವನ್ನು ದೂರವಿಡಲು ಬರೆಯುವ ಗೋಡೆಬರಹಕ್ಕೆ ಬೆಂಗಳೂರಿನ ‘ನಾಳೆ ಬಾ’ ಮೂಲ. ಆ ಚಿತ್ರದಲ್ಲಿ ರಾತ್ರಿ ಹೊರಗೆ ಕಾಲಿಡಲು ಹೆದರುವವರು ಗಂಡಸರು. ಈ ಒಂದು ತಿರುವಿಗೇ ಚಿತ್ರ ನೆನಪಿನಲ್ಲಿ ಉಳಿಯುತ್ತದೆ.

ಕರಾವಳಿಯಿಂದಲೇ ಬಂದ ಜೆ.ಪಿ. ತೂಮಿನಾಡು ಅವರ ‘ಸು ಫ್ರಮ್ ಸೋ’ (2025) ಕನ್ನಡದಲ್ಲಿ ಈ ಪರಂಪರೆಯ ಬಲು ಜೀವಂತ ಕೊಂಡಿ. ಹೆಣ್ಣೊಬ್ಬಳ ಬಚ್ಚಲಿಗೆ ಇಣುಕಿ ಸಿಕ್ಕಿಬಿದ್ದ ಅಶೋಕ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವ ಸೋಮೇಶ್ವರದ ಸುಲೋಚನಾ ಎಂದು ಊರು ನಂಬುತ್ತದೆ. ರವಿಯಣ್ಣನ ಹಿರಿತನ, ಕರುಣಾಕರ ಗುರೂಜಿಯ (ರಾಜ್ ಬಿ. ಶೆಟ್ಟಿ) ಗತ್ತು, ಒಬ್ಬರ ಭಯ ಇನ್ನೊಬ್ಬರಿಗೆ ಹತ್ತುವ ಬಗೆ, ಇವೆಲ್ಲ ಒಳಗಿನವರು ಬರೆದ ಮಾತಿನಲ್ಲಿವೆ. ಇಲ್ಲಿ ಊರು ತನ್ನನ್ನು ನೋಡಿ ತಾನೇ ನಗುತ್ತದೆ, ಪಟ್ಟಣದಿಂದ ಬಂದು ಬುದ್ಧಿ ಹೇಳುವವರಿಲ್ಲ.

ಉತ್ತರಾರ್ಧದಲ್ಲಿ ಸುಲೋಚನಾಳ ಮಗಳು ಭಾನುವಿನ ಸಂಕಟ ಬಂದಾಗ ಚಿತ್ರದ ತೂಕ ಬದಲಾಗುತ್ತದೆ. ಬದುಕಿರುವ ಹೆಣ್ಣಿನ ಅಳಲು ಕೇಳಿಸಿಕೊಳ್ಳದ ಊರು ಸತ್ತವಳ ಹೆಸರಿಗೆ ಓಗೊಡುತ್ತದೆ. ಇದು ಚಿತ್ರದ ಅತ್ಯಂತ ಹರಿತವಾದ ವಿಡಂಬನೆ. ಇಷ್ಟು ಸೂಕ್ಷ್ಮವಿರುವ ಚಿತ್ರ ಅಶೋಕನ ಆ ಮೊದಲ ತಪ್ಪನ್ನು ಮಾತ್ರ ಹಗುರವಾಗಿ ದಾಟಿಬಿಟ್ಟದ್ದು ನೋವಿನ ಸಂಗತಿ. ಭಾನುವಿಗಾಗಿ ಮಿಡಿಯುವ ಕ್ಯಾಮೆರಾ ಆ ಬಚ್ಚಲಮನೆಯ ಬಾಗಿಲಿಗೆ ಮರಳಿ ಹೋಗಿ, ಅಲ್ಲಿದ್ದ ಹುಡುಗಿಯ ಮುಖವನ್ನೂ ಅಷ್ಟೇ ಹೊತ್ತು ನೋಡಬೇಕಿತ್ತು.