ತಡೆದ ಬೆಲೆಯನ್ನು ತೆರುವವರಾರು? — ಬೆಲೆಯೇರಿಕೆಯ ವಾದಗಳ ಒಂದು ವಿಮರ್ಶೆ

ಬೆಲೆಗಳ ಏರಿಕೆಯನ್ನು ಕುರಿತ ಬರೆವಣಿಗೆಯಲ್ಲಿ ಎರಡು ವಾದಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ವರ್ತಕರ ದುರಾಸೆಯೇ ಏರಿಕೆಗೆ ಮೂಲ, ಆದುದರಿಂದ ಕಾನೂನಿನ ಬಿಗಿಯೇ ಅದಕ್ಕೆ ಮದ್ದು ಎಂಬುದು ಒಂದು. ಸರಕಾರವು ಹಣವನ್ನು ಮಿತಿಮೀರಿ ಹೊರಡಿಸುವುದೇ ಮೂಲ, ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು ಎಂಬುದು ಇನ್ನೊಂದು. ನಮ್ಮ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಇವೆರಡರಲ್ಲಿ ಒಂದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ದಕ್ಷಿಣ ಭಾಗದ ಕೆಲವು ಪ್ರಸಂಗಗಳ ಒರೆಗಲ್ಲಿಗೆ ಇವನ್ನು ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಉಡುಪಿಯ ಸೀಮೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ಪಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಮಾರ್ಚ್ ತಿಂಗಳಲ್ಲಿ ರಂಗೂನು ಜಪಾನೀಯರ ವಶವಾಗಿ ಬರ್ಮಾದ ಅಕ್ಕಿಯು ನಿಂತುಹೋಯಿತು. ಅಕ್ಕಿಯ ಅಭಾವದಲ್ಲಿಯೇ ರವೆಯ ಇಡ್ಲಿಯು ತಮ್ಮ ಅಡಿಗೆಮನೆಯಲ್ಲಿ ಹುಟ್ಟಿತೆಂದು ಆ ಸಂಸ್ಥೆಯವರು ಹೇಳಿಕೊಂಡು ಬಂದಿದ್ದಾರೆ. ಅದೇ ವರ್ಷಗಳಲ್ಲಿ ಬ್ರಿಟಿಷರು ಭಾರತದಲ್ಲಿ ಮಾಡಿದ ಯುದ್ಧವೆಚ್ಚಕ್ಕೆ ಲಂಡನ್ನಿನಲ್ಲಿ ಸ್ಟರ್ಲಿಂಗ್ ಜಮೆಯಾಗುತ್ತಿತ್ತು. ಅದರ ಆಧಾರದ ಮೇಲೆ ಇಲ್ಲಿ ರಿಜರ್ವ್ ಬ್ಯಾಂಕು ನೋಟುಗಳನ್ನು ಹೊರಡಿಸುತ್ತಿತ್ತು. 1939ರಿಂದ 1945ರೊಳಗೆ ಚಲಾವಣೆಯ ನೋಟುಗಳು ಸುಮಾರು ಆರು ಪಟ್ಟಾದವು. ಹೀಗೆ ಒಂದು ಕಡೆ ಧಾನ್ಯ ಕುಗ್ಗಿತು, ಇನ್ನೊಂದು ಕಡೆ ಹಣ ಹಿಗ್ಗಿತು. ಇವೆರಡರಲ್ಲಿ ಒಂದನ್ನೇ ಹಿಡಿದು ಆ ಕಾಲದ ಬೆಲೆಗಳನ್ನು ವಿವರಿಸುವುದು ಸಾಧುವಲ್ಲ. ವಿದ್ಯಾರ್ಥಿಗಳು ಗಮನಿಸತಕ್ಕ ಇನ್ನೊಂದು ಅಂಶವುಂಟು: ಇಡ್ಲಿಯ ದರವನ್ನು ಮಾತ್ರ ಬರೆದಿಟ್ಟುಕೊಂಡವನಿಗೆ ಇಡ್ಲಿಯೇ ಬೇರೆಯಾದುದು ತಿಳಿಯುವುದಿಲ್ಲ.

ಮೂರು ದಶಕಗಳ ಮೇಲೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬಂದಿತು. 1972ರಲ್ಲಿ ಮಳೆ ಕೈಕೊಟ್ಟಿತು. 1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಗತೊಡಗಿತು. ಸಗಟು ಬೆಲೆಗಳು 1973–74ರಲ್ಲಿ ಶೇಕಡ 20ರಷ್ಟೂ 1974–75ರಲ್ಲಿ ಶೇಕಡ 25ರಷ್ಟೂ ಏರಿದವು. 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಿತವಾಯಿತು. 1975–76ರಲ್ಲಿ ಬೆಲೆಗಳು ಸುಮಾರು ಶೇಕಡ 1ರಷ್ಟು ಇಳಿದವು. ಬಿಗಿಯಾದ ಆಡಳಿತವೇ ಬೆಲೆಗಳನ್ನು ಇಳಿಸಿತೆಂಬ ನಂಬಿಕೆ ಇದರಿಂದ ಹುಟ್ಟಿ ಇಂದಿಗೂ ಕೇಳಿಬರುತ್ತಿದೆ.

ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲಲಾರದು. 1974ರ ಜುಲೈ ತಿಂಗಳಲ್ಲಿಯೇ ಬ್ಯಾಂಕ್ ದರವನ್ನು ಶೇಕಡ 9ಕ್ಕೆ ಏರಿಸಲಾಗಿತ್ತು. ನೌಕರರ ಹೆಚ್ಚುವರಿ ತುಟ್ಟಿಭತ್ಯದ ಅರ್ಧವನ್ನು ಕಡ್ಡಾಯ ಠೇವಣಿಗೆ ಸೇರಿಸಲಾಗಿತ್ತು. ಸಗಟು ಬೆಲೆಗಳು ಆ ವರ್ಷದ ಸೆಪ್ಟೆಂಬರಿನಲ್ಲಿ ತುದಿ ಮುಟ್ಟಿ ಇಳಿಯತೊಡಗಿದ್ದವು. 1975ರ ಒಳ್ಳೆಯ ಮಳೆಯು ಉಳಿದ ಕೆಲಸವನ್ನು ಮಾಡಿತು. ಮೊದಲೇ ಆರಂಭವಾದ ಇಳಿತಕ್ಕೆ ತರುವಾಯ ಬಂದ ಶಾಸನವನ್ನು ಕಾರಣವೆನ್ನುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕ ಮಾತಲ್ಲ.

ಹಾಗಾದರೆ ಕಟ್ಟಳೆಯು ಮಾಡಿದುದೇನು? ಹೋಟೆಲಿನ ತಿಂಡಿಗಳನ್ನು ಅಗ್ಗದ ದರದಲ್ಲಿ ಮಾರಬೇಕೆಂಬ ನಿಯಮ ಜಾರಿಯಾದಾಗ, ಆ ದರದಲ್ಲಿ ತಮ್ಮ ಗುಣಮಟ್ಟವನ್ನು ಉಳಿಸಿಕೊಳ್ಳಲಾಗದೆ ಮಾವಳ್ಳಿಯ ಹೋಟೆಲಿನವರು ಬಾಗಿಲು ಹಾಕಿ, ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಸಿದ್ಧ ಮಿಶ್ರಣಗಳ ಪೊಟ್ಟಣಗಳನ್ನು ಮಾರತೊಡಗಿದರು. ಹೋಟೆಲು ಮತ್ತೆ ತೆರೆದುದು ಕೆಲವು ವರ್ಷಗಳು ಕಳೆದ ಮೇಲೆ. ದರಪಟ್ಟಿಯಲ್ಲಿ ತಿಂಡಿ ಅಗ್ಗವಾಗಿತ್ತು, ನಿಜ. ಆದರೆ ಮೇಜಿನ ಮೇಲೆ ತಿಂಡಿಯೇ ಇರಲಿಲ್ಲ. ಆ ಅಗ್ಗದ ಬೆಲೆಯನ್ನು ಮೊದಲು ಹೋಟೆಲಿನವರೂ ಆಮೇಲೆ ಗಿರಾಕಿಗಳೂ ತೆತ್ತರೆಂದೇ ಹೇಳಬೇಕು.

ಇಷ್ಟರಿಂದಲೇ ಎರಡನೆಯ ವಾದ ಗೆದ್ದಿತೆಂದು ಭಾವಿಸಲಾಗದು. 2023ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋ ಒಂದಕ್ಕೆ ನೂರು ರೂಪಾಯಿಗಳನ್ನು ದಾಟಿತು. ದೇಶದ ಚಿಲ್ಲರೆ ಹಣದುಬ್ಬರ ಆ ತಿಂಗಳು ಶೇಕಡ 7.44ಕ್ಕೆ ಏರಿ, ಅಕ್ಟೋಬರಿನಲ್ಲಿ 4.87ಕ್ಕೆ ಇಳಿಯಿತು. ಕೋಲಾರದ ಮಾರುಕಟ್ಟೆಗೆ ಹೊಸ ಬೆಳೆ ಬಂದೊಡನೆ ಟೊಮೆಟೊ ಅಗ್ಗವಾಯಿತು. ಒಂದು ಪದಾರ್ಥದ ಬೆಲೆ ಏರುವುದು ಹಣದುಬ್ಬರವೇ ಅಲ್ಲವೆಂಬ ಆಕ್ಷೇಪವುಂಟು. ಶಾಸ್ತ್ರದೃಷ್ಟಿಯಿಂದ ಅದು ಸರಿಯೆ. ಆದರೆ 2012ನ್ನು ಆಧಾರವರ್ಷವಾಗಿ ಇಟ್ಟುಕೊಂಡ ಆಗಿನ ಸೂಚ್ಯಂಕದಲ್ಲಿ ನೂರರಲ್ಲಿ ಸುಮಾರು 46 ಪಾಲು ಆಹಾರ ಪಾನೀಯಗಳದೇ ಆಗಿತ್ತು. ಬಡವನ ಸಂಸಾರದಲ್ಲಿ ಈ ಪಾಲು ಇನ್ನೂ ಹೆಚ್ಚು. ಮುಂದೆ ಬೆಲೆ ಇಳಿಯುವುದೆಂಬ ಸಮಾಧಾನದಿಂದ ಆ ತಿಂಗಳ ಸಾರು ಕುದಿಯುವುದಿಲ್ಲ.

ಬೆಲೆಯ ಏರಿಕೆ ಅಳತೆಯಲ್ಲಿಯೂ ಅಡಗಬಲ್ಲದು. 2024ರ ಜೂನಿನಲ್ಲಿ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿಲೀಟರು ಹಾಲನ್ನೂ 2 ರೂಪಾಯಿಗಳನ್ನೂ ಕೂಡಿಸಿದರು. 2025ರ ಏಪ್ರಿಲಿನಲ್ಲಿ ಆ ಹೆಚ್ಚಿನ ಹಾಲನ್ನು ಹಿಂತೆಗೆದುಕೊಂಡು, ದರವನ್ನು ಲೀಟರಿಗೆ 4 ರೂಪಾಯಿಗಳಷ್ಟು ಏರಿಸಿದರು. ಪೊಟ್ಟಣದ ಮೇಲಿನ ಅಂಕಿಯನ್ನಷ್ಟೇ ಹೋಲಿಸುವವನಿಗೆ ಈ ಏರಿಕೆ ಪೂರ್ತಿಯಾಗಿ ಕಾಣಿಸದು. ಇಲ್ಲಿ ಬಳಕೆದಾರನು ತೆತ್ತ ಹೆಚ್ಚಿನ ಹಣ ಹಾಲು ಉತ್ಪಾದಕನಿಗೆಂದು ಸಮರ್ಥಿಸಲಾಯಿತು. ಆದುದರಿಂದ ಏರಿಕೆಯನ್ನೆಲ್ಲ ದುರಾಸೆಯೆಂದು ಜರೆಯುವುದೂ ವಿವೇಕವಲ್ಲ.

ಕೊನೆಯದಾಗಿ ಜಯನಗರದ ಕನಕನಪಾಳ್ಯಕ್ಕೆ ಬರೋಣ. 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನು ಇಲ್ಲಿ ಉದ್ಘಾಟಿತವಾಯಿತು. ಆಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಇದೂ ತಡೆಹಿಡಿದ ಬೆಲೆಯೇ. ಆದರೆ ಅಡಿಗೆಯ ವೆಚ್ಚಕ್ಕೂ ಗಿರಾಕಿ ಕೊಡುವ ಹಣಕ್ಕೂ ನಡುವಣ ಅಂತರವನ್ನು ಸಾರ್ವಜನಿಕ ಬೊಕ್ಕಸವು ಹೊತ್ತಿತು. 1975ರ ಕಟ್ಟಳೆಯು ಈ ಅಂತರವನ್ನು ಹೋಟೆಲಿನವನ ತಲೆಗೆ ಕಟ್ಟಿತ್ತು. ಈ ಭೇದವು ಸಣ್ಣದಲ್ಲ. ಬೊಕ್ಕಸದ ಹಣವೂ ಪ್ರಜೆಗಳ ತೆರಿಗೆಯೇ ಸರಿ. ಆದರೆ ಅಲ್ಲಿ ಹೊರೆ ಹಲವರಲ್ಲಿ ಹಂಚಿಹೋಗುತ್ತದೆ, ಲೆಕ್ಕಪತ್ರದಲ್ಲಿ ಕಾಣಿಸುತ್ತದೆ, ಚರ್ಚೆಗೆ ಒಳಗಾಗುತ್ತದೆ. ಬೊಕ್ಕಸದಿಂದ ಹಣ ಸಕಾಲದಲ್ಲಿ ಬಾರದಿದ್ದರೆ ಮಾತ್ರ ಇಲ್ಲಿಯೂ 1975ರ ಕಥೆಯೇ ಮರುಕಳಿಸುವುದು.

ಮೇಲಿನ ಎರಡು ವಾದಗಳೂ ಬೆಲೆ ಏಕೆ ಏರಿತೆಂಬ ಒಂದೇ ಪ್ರಶ್ನೆಯನ್ನು ಕೇಳಿ, ಒಂದೇ ಉತ್ತರದಿಂದ ತೃಪ್ತವಾಗುತ್ತವೆ. ಕಾರಣಗಳು ಪ್ರತಿ ಸಲವೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆಂಬುದನ್ನು 1942, 1974 ಮತ್ತು 2023ರ ಅನುಭವಗಳು ತೋರಿಸುತ್ತವೆ. ಏರಿದ ಬೆಲೆಯನ್ನು ಯಾರು ತೆತ್ತರು, ತಡೆದ ಬೆಲೆಯನ್ನು ಯಾರು ತೆತ್ತರು ಎಂಬ ಎರಡನೆಯ ಪ್ರಶ್ನೆಯನ್ನು ಕೇಳದಿರುವುದು ಅವುಗಳ ದೊಡ್ಡ ಕೊರತೆ ಎಂದು ನಾವು ತಿಳಿಯುತ್ತೇವೆ. ಸೂಚ್ಯಂಕಗಳು ಇದಕ್ಕೆ ಪೂರ್ತಿಯಾಗಿ ಉತ್ತರಿಸಲಾರವು. ಹೋಟೆಲಿನ ದರಪಟ್ಟಿ, ಹಾಲಿನ ಪೊಟ್ಟಣ, ಮುಚ್ಚಿದ ಬಾಗಿಲು, ಇವೂ ಚರಿತ್ರೆಯ ಆಕರಗಳೆಂದು ಒಪ್ಪಿ ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು.